ತೂಕವಿಲ್ಲದ ಸರಕು

ಸಾಫ್ಟ್‌ವೇರ್ ಭವನ, ಮೂರನೇ ಮಹಡಿ
ಗುರುವಾರ, ಮಾರ್ಚ್ ೧೪

ಪ್ರೀತಿಯ ಅಣ್ಣಾ,

ಹೇಗಿದ್ದೀಯ? ಬೆನ್ನುನೋವು ಕಡಿಮೆಯಾಯಿತೇ? ರಾಜಧಾನಿಯಲ್ಲಿ ಕೂತು ದೇಶದ ಸಾಫ್ಟ್‌ವೇರ್ ಉದ್ಯಮ ಬೆಳೆಸುವವರ ಕುರ್ಚಿಗಳು ಮೆತ್ತಗಿರುತ್ತವೆ ಅಂದುಕೊಂಡಿದ್ದೆ. ಅಮ್ಮನ ಮಂಡಿನೋವು ಹಾಗೇ ಇದೆ, ನಾಲಿಗೆ ಮಾತ್ರ ಇನ್ನೂ ಚುರುಕಾಗಿದೆ.

ಇನ್ನು ನಿಮ್ಮ ಇಲಾಖೆಯ ಪ್ರತಾಪ ಕೇಳು. ಹೊರದೇಶದ ಆಸ್ಪತ್ರೆಯೊಂದಕ್ಕೆ ನಾವು ನಾಲ್ವರು ಹೆಂಗಸರು ವರ್ಷವಿಡೀ ಕೂತು ಬರೆದ ಸಾಫ್ಟ್‌ವೇರನ್ನು ಕಳೆದ ತಿಂಗಳು ಫೋನ್ ತಂತಿಯಲ್ಲೇ ಕಳಿಸಿದೆವು. ಅಲ್ಲಿ ಅದು ಕೆಲಸವನ್ನೂ ಶುರುಮಾಡಿತು. ಆದರೆ ರಫ್ತು ಅಂದಮೇಲೆ ಸರಕನ್ನು ಸುಂಕದವರ ಕಣ್ಣಿಗೆ ತೋರಿಸಲೇಬೇಕು ಎಂಬುದು ನಿಮ್ಮ ನಿಯಮ. ಸರಿ, ಹೊರದೇಶದಿಂದ ತರಿಸಿದ್ದ ಒಂದು ಕಂಪ್ಯೂಟರ್ ಟೇಪಿಗೆ ಅದರ ಪ್ರತಿ ಮಾಡಿಕೊಂಡು ಹೋದೆ. ಸುಂಕದ ಸಾಹೇಬರು ಅದನ್ನು ತಕ್ಕಡಿಗೆ ಹಾಕಿದರು! "ಖಾಲಿ ಟೇಪು ತರಿಸ್ಕೊಂಡಾಗ್ಲೂ ಇಷ್ಟೇ ತೂಕ ಇತ್ತು, ಈಗ್ಲೂ ಇಷ್ಟೇ ಇದೆ. ಒಳಗೆ ಏನ್ ತುಂಬಿದೀರಮ್ಮಾ, ಗಾಳೀನಾ?" ಅಂದವರು ರಫ್ತು ಸೊನ್ನೆ ಎಂದು ಬರೆದುಬಿಟ್ಟರು. ರಫ್ತು ಮಾಡದವರಿಗೆ ಸರ್ಕಾರದ ಈ ಭವನದಲ್ಲಿ ಜಾಗವಿಲ್ಲ, ಶನಿವಾರದೊಳಗೆ ಕೋಣೆ ಬಿಡಿ ಎಂಬ ಆದೇಶಕ್ಕೆ ಮೊಹರು ಒತ್ತಿದವನು ನೀನು. ಒಂದು ಫೋನ್ ಮಾಡಿ ಕೇಳಬಾರದಿತ್ತೇ, ಪುಣ್ಯಾತ್ಮ?

ಸರ್ಕಾರ ಏನೂ ಮಾಡಿಲ್ಲ ಎನ್ನುವಷ್ಟು ಕೃತಘ್ನಳಲ್ಲ ನಾನು. ನನ್ನನ್ನು ಓದಿಸಿದ್ದು ಸರ್ಕಾರಿ ಕಾಲೇಜು, ಈ ಫೋನ್ ತಂತಿ ಎಳೆಸಿದ್ದೂ ಸರ್ಕಾರವೇ. ಆದರೆ ಗಿಡ ನೆಟ್ಟು, ಬೇರು ಬಿಟ್ಟಿದೆಯೇ ಎಂದು ದಿನಾ ಕಿತ್ತು ನೋಡುವವರನ್ನು ತೋಟಗಾರರೆಂದು ಕರೆಯಲು ಬಾಯಿ ಬರುವುದಿಲ್ಲ. ಮೊದಲು ಅಳು ಬಂತು, ಆಮೇಲೆ ನಗು ಬಂತು, ಈಗ ಉಳಿದಿರುವುದು ಬರೀ ಹೇಸಿಗೆ. ಅಮ್ಮನಿಗೆ ಹೇಳಿದರೆ, "ಡಿಗ್ರಿ ಮುಗಿಸ್ಕೊಂಡು ಬಂದಾಗ ನಿಮ್ಮಣ್ಣನ ತೂಕಾನೂ ಹೆಚ್ಚಾಗಿರ್ಲಿಲ್ಲ. ಹಾಗಾದ್ರೆ ಅವನ ತಲೇಲೂ ಏನೂ ಇಲ್ವಾ, ಕೇಳು" ಅಂದಳು. ಕೇಳಿದ್ದೇನೆ.

ಅತ್ತಿಗೆಗೆ ನನ್ನ ನೆನಪು ತಿಳಿಸು, ಮಕ್ಕಳಿಗೆ ಮುತ್ತು. ನಿನಗೆ, ಹಿರಿಯ ಎಂಬ ಒಂದೇ ಕಾರಣಕ್ಕೆ, ನಮಸ್ಕಾರ.

ನಿನ್ನ ತಂಗಿ

ಅಂದಹಾಗೆ, ಮರೆತಿದ್ದೆ. ಪಕ್ಕದ ದೇಶದ ಅಧಿಕಾರಿಯೊಬ್ಬ ಫೋನ್ ಮಾಡಿದ್ದ. ತಕ್ಕಡಿಯ ಮಾತೇ ಎತ್ತಲಿಲ್ಲ, ಇಲ್ಲಿ ನಿಮಗೆ ಕೋಣೆ ಸಿದ್ಧವಿದೆ, ಯಾವಾಗ ಬರುತ್ತೀರಿ ಎಂದಷ್ಟೇ ಕೇಳಿದ. ಸೋಮವಾರ ನಾಲ್ವರೂ ಹೊರಡುತ್ತಿದ್ದೇವೆ. ಅಮ್ಮನೂ ನನ್ನ ಜೊತೆ ಬರುತ್ತಾಳೆ. ಗಡಿಯಲ್ಲಿ ಅವಳನ್ನೂ ತೂಗಿಸಬೇಕೇ, ನಿಯಮ ನೋಡಿ ತಿಳಿಸು.