ಸೂಜಿಯವನನ್ನು ತಡೆಯಲು ಕಮಲಾಪುರಕ್ಕೆ

ಚಿ. ಸೌ. ದ್ವಾರಕೆಗೆ,

ನೀನು ಬಾವಿಯಿಂದ ಬರುವಷ್ಟರಲ್ಲಿ ಹೊರಡುತ್ತಿದ್ದೇನೆ. ಎದುರಿಗೆ ನಿಂತು ಇದನ್ನು ಹೇಳುವ ಮುಖ ನನಗಿಲ್ಲ.

ಅವ್ವನ ಕಣ್ಣಿನ ಪೊರೆಯನ್ನು ಸೂಜಿಯಿಂದ ಸರಿಸಿದನಲ್ಲ, ಆ ಊರೂರು ತಿರುಗುವವನು ಈಗ ಕಮಲಾಪುರದಲ್ಲಿದ್ದಾನೆ. ನಾಳೆ ತಂಗಿ ಗೋದಾವರಿಯ ಮಾವನವರ ಕಣ್ಣಿಗೆ ಸೂಜಿ ಹಾಕುತ್ತಾನಂತೆ. ಅವನನ್ನು ಅಲ್ಲಿಗೆ ಕಳಿಸಿದವನು ನಾನೇ. ಮೊದಲ ದಿನ ಅವ್ವ "ನಿನ್ನ ಮಾರಿ ಕಾಣಸ್ತದೋ ವಾಮನ್ಯಾ" ಅಂದಾಗ ಹಿಗ್ಗಿ, ಅವನನ್ನು ಹೊಗಳಿ ತಂಗಿಗೆ ಕಾಗದ ಬರೆದೆ. ನಾಲ್ಕನೆಯ ದಿನ ಕೀವು ಬಂದದ್ದನ್ನು ಬರೆಯಲು ನಾಚಿಕೆ ಬಿಡಲಿಲ್ಲ.

ಸೂಜಿ ಹಾಕಿಸುವ ಮೊದಲೇ ನೀನು "ಅತ್ತ್ಯಾರನ್ನ ದವಾಖಾನಿಗೆ ಕರಕೊಂಡು ಹೋಗೂಣ್ರೀ" ಅಂದಿದ್ದೆ. "ನಿನಗೇನು ತಿಳೀತದ" ಎಂದು ನೆರೆಯವರ ಮುಂದೆ ಗದರಿದೆ. ನಿನ್ನೆ ಡಾಕ್ಟರು ಆ ಕಣ್ಣು ಹೋಯಿತೆಂದರು. ತಿಳಿಯದವನು ನಾನು.

ಕಾಸಿ ಆರಿಸಿದ ನೀರಿನಲ್ಲಿ ಅದ್ದಿದ, ಒಗೆದ ಅರಿವೆಯಿಂದ ಮಾತ್ರ ಅವ್ವನ ಕಣ್ಣನ್ನು ಒರೆಸು. ಆ ಅರಿವೆ ಕೂಸಿನ ಮುಖಕ್ಕೆ ತಾಗದಿರಲಿ, ನಿನ್ನ ಮುಖಕ್ಕೂ. ಯಾರಾದರೂ ಜೇನು ಹಾಕೆಂದರೆ ಹಾಕಬೇಡ. ಒಲೆಯ ಹೊಗೆಯಿಂದ ದೂರ ಕೂಡಿಸು. ಮಧ್ಯಾಹ್ನ ಸ್ಟೇಶನ್ ಬಜಾರದ ಟಾಂಗಾ ಬರುತ್ತದೆ. ದವಾಖಾನೆಗೆ ನೀನೇ ಕರೆದುಕೊಂಡು ಹೋಗು. ಇನ್ನೊಂದು ಕಣ್ಣನ್ನು ಉಳಿಸಬಹುದು ಎಂದಿದ್ದಾರೆ. ಅವರು ಹೇಳಿದ್ದನ್ನು ನೀನು ಕೇಳಿಕೊಂಡು ಬಂದರೆ ಸಾಕು, ನಾನು ಹಾಗೇ ನಡೆಯುತ್ತೇನೆ.

ಹೋದ ಕಣ್ಣು ಮತ್ತೆ ಬರುತ್ತದೆಂದೇ ಅವ್ವ ಕಾಯುತ್ತಿದ್ದಾಳೆ. ನೀನು ಏನೂ ಹೇಳಬೇಡ. ಗೋದಾವರಿಯ ಮನೆಯಲ್ಲಿ ಎಲ್ಲರೆದುರು ನನ್ನ ತಪ್ಪು ಒಪ್ಪಿಕೊಂಡು ಬಂದು, ಅವ್ವನ ಕೈ ಹಿಡಿದು ನಾನೇ ಹೇಳುತ್ತೇನೆ.

ವಾಮನ