ದುವಾ ಆದ ಬಿಳಿಜೋಳ

ನಿಂಬರ್ಗಾ
ಅಕ್ಟೋಬರ್ 5, 2025

ಭೀಮಾತೀರದ ಸಾಮ್ರಾಜ್ಞಿ, ನೆರೆ ಕಾಳಜಿ ಕೇಂದ್ರದ ಕಿಟಕಿ ಪಕ್ಕದ ಚಾಪೆಯ ಏಕೈಕ ಒಡತಿ, ಹೊಳೆಯ ಪಾಲಾಗದೆ ಉಳಿದ ಒಂದೇ ಆಡಿನ ಪಾಲನಕರ್ತೆ, ಶ್ರೀ ಶ್ರೀ ಶ್ರೀ ಇರಮ ಸಾಹೇಬರ ಕೆಸರು ಮೆತ್ತಿದ ಪಾದಗಳಿಗೆ ಪಂಚಶೀಲಾ ಅಡ್ಡಬಿದ್ದು ಅರಿಕೆ ಮಾಡಿಕೊಳ್ಳುವುದೇನೆಂದರೆ:

ನಗು ಬೇ, ಒಂದು ಸಲ.

ನಿನ್ನ ಅಬ್ಬಾ ಯಾಕೂಬಸಾಬ ಕಾಕಾ ಹೊಲದ ಕಡೆ ಮುಖವನ್ನೇ ಮಾಡುತ್ತಿಲ್ಲ, ರೇಷನ್ ಕಿಟ್ ತಂದವರನ್ನೂ ವಾಪಸ್ ಕಳಿಸಿದರು, ಈ ಸಲ ಬಿತ್ತದೆ ಎಲ್ಲರನ್ನೂ ಪುಣೆಗೆ ದುಡಿಯಲು ಕರೆದೊಯ್ಯುತ್ತಾರೆ ಎಂದು ನೀನು ಫೋನಿನಲ್ಲಿ ಹೇಳಿದಾಗಿನಿಂದ ನನಗೆ ಅದೇ ಧ್ಯಾನ. ಇಲ್ಲಿಯೂ ಹೆಸರುಕಾಳು ಗಿಡದಲ್ಲೇ ಮೊಳಕೆಯೊಡೆದು ಹಾಳಾಯಿತು. ತೊಗರಿ ಹಳದಿಯಾಗಿ ನಿಂತಿದೆ. ಆದರೆ ನಮ್ಮ ಒಲೆಯ ತನಕ ಹೊಳೆ ಬಂದಿಲ್ಲ.

ಶುಕ್ರವಾರ ಊರೆಲ್ಲ ಕೂಡಿ ಆಳಂದ, ಅಫಜಲಪುರ, ಜೇವರ್ಗಿಯ ರೈತರಿಗಾಗಿ ಪ್ರಾರ್ಥನೆ ಮಾಡಿತು. ಗುಡಿಯಲ್ಲಿ ಭಜನೆ, ದರ್ಗಾದಲ್ಲಿ ದುವಾ, ನಮ್ಮ ಬುದ್ಧ ವಿಹಾರದಲ್ಲಿ ವಂದನೆ. ಮೂರೂ ಕಡೆ ಮೈಕು ಹಿಡಿದ ಮಹಾಮಂತ್ರಿ ನಾನೇ. “ನೀ ಬಾಯಿ ಮುಚ್ಚಿದ್ರ ಅದೇ ದೊಡ್ಡ ದುವಾ ಬೇ” ಎಂದಳು ನಮ್ಮ ಓಣಿಯ ಪೀರಬಿ. ಎಲ್ಲರೂ ನಕ್ಕರು. ಆಮೇಲೆ ಹುಲೆಪ್ಪ ಕಾಕಾ ಮುಳುಗಿದ ಊರುಗಳ ಹೆಸರು ಹೇಳುತ್ತ ಹೋದವರು, ತಮ್ಮ ಮಗಳನ್ನು ಕೊಟ್ಟ ಊರಿನ ಹೆಸರು ಬಂದದ್ದೇ ಮೈಕನ್ನು ನನ್ನ ಕೈಗಿಟ್ಟರು. ಮುಂದೆ ನನಗೂ ತಮಾಷೆ ಹೊಳೆಯಲಿಲ್ಲ.

ಈ ಪತ್ರದ ಜೊತೆ ಅಣ್ಣ ಧಮ್ಮಪಾಲ ಟಂಟಂ ಆಟೊದಲ್ಲಿ ಒಂದು ಚೀಲ ತರುತ್ತಾನೆ. ಮನೆಮನೆಯಿಂದ ಕೂಡಿಸಿದ ಬಿತ್ತನೆಯ ಬಿಳಿಜೋಳ. ಯಾಕೂಬಸಾಬ ಕಾಕಾ ದಾನ ಮುಟ್ಟುವುದಿಲ್ಲ, ಗೊತ್ತು. ಅದಕ್ಕೇ ನಮ್ಮಜ್ಜಿ ಮಾಣಿಕಮ್ಮ ಹೇಳಿ ಕಳಿಸಿದ್ದಾಳೆ: “ಯಾಕೂಬಸಾಬಗ ಹೇಳು, ಇದು ದಾನ ಅಲ್ಲ. ಮೂರೂ ಕಡಿ ದುವಾ ಆದ ಕಾಳು. ಒಲ್ಲೆ ಅಂದ್ರ ನಮಗಲ್ಲ, ಮ್ಯಾಲಿನವಗ ಒಲ್ಲೆ ಅಂದಂಗ.”

ಎರೆಮಣ್ಣಿನ ಹೊಲ ಒಣಗಿ ಬಿತ್ತುವ ಹದಕ್ಕೆ ಬರುವ ತನಕ ಚೀಲವನ್ನು ಅವರ ಕಣ್ಣೆದುರೇ ಇಡು.

ಇಂತಿ,
ಮೂರೂ ಕಡೆಯ ತಾತ್ಕಾಲಿಕ ವಕ್ತಾರೆ,
ಪಂಚಶೀಲಾ

ತಾ.ಕ.: ಇದನ್ನು ಕಾಕಾಗೆ ಓದಿ ಹೇಳಬೇಡ. ಚೀಲವನ್ನು ಪ್ರಾರ್ಥನೆಗೆ ಒಯ್ಯುವುದು ನನ್ನ ಕೆಲಸವಾಗಿತ್ತು. ಮೈಕಿನ ಸಡಗರದಲ್ಲಿ ನಮ್ಮ ಪಡಸಾಲೆಯಲ್ಲೇ ಮರೆತೆ. ಗುಡಿಯವರು ಅದು ದರ್ಗಾದಲ್ಲಿದೆ ಅಂದುಕೊಂಡರು, ದರ್ಗಾದವರು ವಿಹಾರದಲ್ಲಿದೆ ಅಂದುಕೊಂಡರು. ಮನೆಗೆ ಬಂದು, ಬಾಗಿಲು ಹಾಕಿಕೊಂಡು, ಚೀಲದ ಮೇಲೆ ಕೈಯಿಟ್ಟು ನಾನೊಬ್ಬಳೇ ಕುಳಿತೆ. ಒಂದು ಮಂತ್ರವೂ ಬಾಯಿಗೆ ಬರಲಿಲ್ಲ. “ಹುಟ್ಟ್ರೆಪ್ಪಾ, ಇರಮ ಪುಣೆಕ್ಕ ಹೊಂಟಾಳ” ಎಂದು ಕಾಳಿಗೇ ಹೇಳಿದೆ. ಆ ಕಾಳಿಗೆ ಆದ ದುವಾ ಅಷ್ಟೇ.