ಅಬ್ರಫಿಯ ಶನಿವಾರ

ಎಫಿದುವಾಸೆ
ಜನವರಿ 26, 2016

ಪ್ರೀತಿಯ ಅಡೊಮಾಕೊ,

ಹೇಗಿದ್ದೀಯ? ಸೊಂಟದ ನೋವು ಕಡಿಮೆಯಾಯಿತೆ? ಆ ಮರ ಕೊಯ್ಯುವ ಕಾರ್ಖಾನೆಯ ಧೂಳಿನಲ್ಲಿ ಕೆಮ್ಮು ಹೆಚ್ಚಾಗಿಲ್ಲ ತಾನೆ? ಸೊಳ್ಳೆಪರದೆ ಕಟ್ಟಿಕೊಳ್ಳುತ್ತೀಯಾ ಎಂದು ಕೇಳಿದರೆ ಹೂಂ ಎನ್ನುತ್ತೀಯ. ಕಟ್ಟಿಕೊಳ್ಳುವುದಿಲ್ಲ ಎಂದು ನನಗೆ ಗೊತ್ತು. ನಾನು ಇದ್ದೇನೆ. ಈ ವರ್ಷ ಹರ್ಮಟಾನ್ ಗಾಳಿ ಬಲು ಕೆಟ್ಟದ್ದಾಗಿದೆ. ತುಟಿಯೆಲ್ಲ ಒಡೆದಿದೆ, ಬೆಳಿಗ್ಗೆ ಒರೆಸಿದ ಮೇಜಿನ ಮೇಲೆ ಮಧ್ಯಾಹ್ನ ಬೆರಳಿನಲ್ಲಿ ಹೆಸರು ಬರೆಯಬಹುದು, ಅಷ್ಟು ಧೂಳು. ಇದನ್ನೆಲ್ಲ ಫೋನಿನಲ್ಲೇ ಹೇಳಬಹುದಿತ್ತು. ಆದರೆ ನಾನು ನಮ್ಮ ಮಗು ಅಬ್ರಫಿಯ ಹೆಸರು ಎತ್ತಿದ ಕೂಡಲೇ ನಿನ್ನ ಕಡೆ ಸಿಗ್ನಲ್ ಹೋಗಿಬಿಡುತ್ತದೆ. ಕಾಗದಕ್ಕೆ ಆ ಕಾಯಿಲೆ ಇಲ್ಲವಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಲಾರಿಯ ಬೊಟ್ವೆ ನಿನ್ನ ಕೈಗೇ ಕೊಡುತ್ತೇನೆಂದು ಹೇಳಿದ್ದಾನೆ.

ನಮ್ಮ ನಾನಾಗೆ ಕಾಯಿಲೆ ಬಂದಿತ್ತು. ಹಳೆಯ ಕಂಪ್ಯೂಟರಿಗೆ ನಾನಾ, ಅಂದರೆ ಅಜ್ಜ, ಎಂದು ಹೆಸರಿಟ್ಟವನು ನೀನೇ, ಈಗ ಅಂಗಡಿಗೆ ಬರುವವರೆಲ್ಲ ಅದನ್ನು ಹಾಗೇ ಕರೆಯುತ್ತಾರೆ. ಸಾವಿನ ಪೋಸ್ಟರ್ ಅಚ್ಚು ಹಾಕುವ ನಮ್ಮ ದೊಡ್ಡ ಪ್ರಿಂಟರ್ ಆ ಮುದುಕನ ಮಾತೊಂದನ್ನೇ ಕೇಳುತ್ತದೆ, ಹೊಸ ಕಂಪ್ಯೂಟರುಗಳನ್ನು ಕಣ್ಣೆತ್ತಿಯೂ ನೋಡುವುದಿಲ್ಲ. ಹೋಗುವಾಗ ನೀನು ಹೇಳಿದ್ದು ನನಗೆ ಚೆನ್ನಾಗಿ ನೆನಪಿದೆ: "ಮಾಡ್ದೋರೇ ಕೈಬಿಟ್ಟಿರೋ ಯಂತ್ರ ಇದು ಪೊಕುವಾ. ಹೊಸ ರೋಗಕ್ಕೆ ಇದಕ್ಕೆ ಮದ್ದು ಬರಲ್ಲ. ನಾವೇ ಕಾಯ್ಕೋಬೇಕು." ಇಂಟರ್ನೆಟ್ಟಿನ ತಂತಿಯನ್ನು ನೀನು ಕಿತ್ತು ಸುತ್ತಿ ಅಟ್ಟದ ಮೇಲಿಟ್ಟಿದ್ದು ಇನ್ನೂ ಅಲ್ಲೇ ಇದೆ. ಜನ ತರುವ ಪೆನ್ ಡ್ರೈವನ್ನು ಮೊದಲು ಬಾಗಿಲ ಪಕ್ಕದ ಸಣ್ಣ ಕಂಪ್ಯೂಟರಿಗೆ ಹಾಕಿ, ರೋಗ ಇದೆಯೋ ಇಲ್ಲವೋ ನೋಡಿ, ಫೋಟೋ ಒಂದನ್ನೇ ಬೇರೆ ಮಾಡಿ, ಆಮೇಲೆ ನಾನಾ ಹತ್ತಿರ ಒಯ್ಯುವ ನಿನ್ನ ನಿಯಮವನ್ನೂ ಬಿಟ್ಟಿರಲಿಲ್ಲ. ಮನೆಯೊಳಗೆ ಬರುವ ಮೊದಲು ಕಾಲು ತೊಳೆಸಿದ ಹಾಗೆ ಎಂದು ಗಿರಾಕಿಗಳಿಗೆ ಹೇಳಿ ನಗಿಸುತ್ತಿದ್ದೆ.

ಹಾಗಿದ್ದೂ ತಪ್ಪಿತು. ಕಳೆದ ಬುಧವಾರ ಓಪಾನಿನ್ ಅಮಾಂಕ್ವಾ ಬಂದರು. ಅವರ ತಂಗಿ ಮಾಮೆ ಕಾನಿ ತೀರಿಕೊಂಡರು, ಗೊತ್ತಾಯಿತೆ ನಿನಗೆ? ಸಂತೆಯಲ್ಲಿ ಹೊಗೆಮೀನು ಮಾರುತ್ತಿದ್ದವರು, ಅಬ್ರಫಿಗೆ ಒಂದು ಮೀನು ಪುಕ್ಕಟೆ ಕೊಡದೆ ಬಿಡುತ್ತಿರಲಿಲ್ಲ. ಹಿರಿಯರನ್ನು ಕೂರಿಸಿದೆ, ನೀರು ಕೊಟ್ಟೆ, ಬಂದ ಕಾರಣ ಕೇಳಿದೆ. ಅವರು ಕರಿಬಟ್ಟೆಯ ಮಡಿಕೆಯಿಂದ ಪೆನ್ ಡ್ರೈವ್ ತೆಗೆದು ಎರಡೂ ಕೈಯಲ್ಲಿ ಹಿಡಿದು, "ಇದರೊಳಗೆ ನನ್ನ ತಂಗಿ ಇದ್ದಾಳೆ ಅಮ್ಮಾ. ನಾನಾಗೆ ಹಾಕು, ದೊಡ್ಡದಾಗಿ ಒಂದ್ಸಲ ಮುಖ ನೋಡ್ತೀನಿ" ಎಂದರು. ನಾನು ಬಾಗಿಲ ಪಕ್ಕದ ಯಂತ್ರದತ್ತ ಕೈ ಮಾಡಿದೆ. "ಅಲ್ಲಿಗ್ಯಾಕೆ? ನನ್ನ ತಂಗಿ ಏನು ಕೊಳಕು ಅಂಟಿಸ್ಕೊಂಡು ಬಂದಿದ್ದಾಳಾ?" ಎಂದು ಕೇಳಿದರು. ಕೋಪದಿಂದ ಕೇಳಲಿಲ್ಲ, ಅಳುವ ದನಿಯಲ್ಲಿ ಕೇಳಿದರು. ಸತ್ತವರನ್ನು ಹೊತ್ತು ತಂದ ಹಿರಿಯರಿಗೆ ನಮ್ಮಲ್ಲಿ ಯಾರು ತಾನೇ ಹೌದು ಎನ್ನುತ್ತಾರೆ? ನೀನೂ ಅನ್ನುತ್ತಿರಲಿಲ್ಲ. ನೇರವಾಗಿ ನಾನಾಗೆ ಹಾಕಿದೆ. ಒಳಗೆ ಕಾನಿ ಎಂಬ ಹೆಸರಿನ ಚಿತ್ರವಿತ್ತು, ಅದರ ಮೂಲೆಯಲ್ಲಿ ಸಣ್ಣ ಬಾಣದ ಗುರುತು. ಬಾಣ ರೋಗದ ಗುರುತು ಎಂದು ಗೊತ್ತಿದ್ದೂ ಒತ್ತಿದೆ. ಮುಖ ಬಂತು, ಅವರು ಬಹಳ ಹೊತ್ತು ನೋಡಿ ಎದ್ದು ಹೋದರು.

ಮರುದಿನ ಪೋಸ್ಟರ್ ಹೇಗೋ ಅಚ್ಚಾಯಿತು. ಶುಕ್ರವಾರ ನೋಡಿದರೆ ಎಲ್ಲದರ ಮೂಲೆಯಲ್ಲೂ ಬಾಣ. ಪೋಸ್ಟರುಗಳ ಕಡತ, ಚರ್ಚಿನ ಕೆಲಸ, ಅಬ್ರಫಿಯ ಫೋಟೋಗಳ ಕಡತ, ಯಾವುದನ್ನು ಒತ್ತಿದರೂ ಏನೂ ಇಲ್ಲ. ನಾನು ಹೆದರಿ ಬಾಣಗಳನ್ನೆಲ್ಲ ಅಳಿಸಿದೆ. ಆಮೇಲೆ ಬರಿದೋ ಬರಿದು. ಪೋಸ್ಟರುಗಳು ಹೋದರೆ ಹೋಗಲಿ, ಮತ್ತೆ ಮಾಡಬಹುದು. ಮಗುವಿನ ಫೋಟೋ ಎಲ್ಲಿಂದ ತರಲಿ? ನನ್ನ ಫೋನು ಕುಮಾಸಿಯ ಸಂತೆಯಲ್ಲಿ ಕಳುವಾಯಿತು, ನೀನು ಸಿ.ಡಿ.ಗೆ ಹಾಕಿಟ್ಟ ಪ್ರತಿ ಬಿಸಿಲಿಗೆ ಕೆಟ್ಟು ಓದುವುದೇ ಇಲ್ಲ. ಅವಳು ಈ ಲೋಕದಲ್ಲಿ ಉಳಿದಿದ್ದದ್ದು ಆ ಮುದಿ ಪೆಟ್ಟಿಗೆಯೊಳಗೆ ಮಾತ್ರ. ನಾನು ಅಂಗಡಿಯ ಬಾಗಿಲು ಹಾಕಿಕೊಂಡು ಅತ್ತೆ, ಯಾರ ಅಪ್ಪಣೆಯನ್ನೂ ಕೇಳಲಿಲ್ಲ.

ಕೂಡುರಸ್ತೆಯಲ್ಲಿ ಕಂಪ್ಯೂಟರ್ ರಿಪೇರಿ ಮಾಡುವ ಅಟ್ಟಾನನ್ನು ಕರೆಸಿದೆ. ಅವನು ನಿಂತಲ್ಲಿಂದಲೇ ನೋಡಿ, "ಅಕ್ಕಾ, ಇದರ ಆಯಸ್ಸು ಮುಗಿದು ಎಷ್ಟೋ ಕಾಲ ಆಯ್ತು. ಎಲ್ಲಾ ಒರೆಸಿ ಹೊಸದಾಗಿ ಹಾಕಿಬಿಡ್ತೀನಿ, ಸೋಮವಾರ ಬರ್ಲಾ?" ಎಂದ. ಅಷ್ಟರಲ್ಲಿ ನಿನ್ನ ದೊಡ್ಡಮ್ಮ ಬಂದರು. ಸುದ್ದಿ ಅವರಿಗೆ ಗಾಳಿಗಿಂತ ಮೊದಲೇ ಮುಟ್ಟುತ್ತದೆ. "ಒರೆಸಲಿ ಬಿಡೇ, ಒಳ್ಳೇದೇ ಆಯ್ತು. ಆ ಮುಖ ನೋಡ್ತಾ ಕೂತಿದ್ರೆ ಇನ್ನೊಂದು ಮಗು ಹೇಗೆ ಬರುತ್ತೆ?" ಎಂದರು. ಮಣ್ಣು ಮಾಡಿದ ದಿನವೂ ಅವರೇ ತಾನೇ ನನ್ನ ಮುಂದೆ ಕಡಲೆಕಾಯಿ ಸಾರಿನ ಬಟ್ಟಲಿಟ್ಟು, "ಚಿಕ್ಕವಕ್ಕೆ ಅಳಬಾರದು, ತಿನ್ನು" ಎಂದದ್ದು. ಪೋಸ್ಟರ್ ಇಲ್ಲ, ದೊಡ್ಡವರು ಸತ್ತರೆ ಊರೆಲ್ಲ ಸೇರಿ ಅಳುವ ಶನಿವಾರ ಇಲ್ಲ, ಡೋಲು ಇಲ್ಲ. ಊರಿನ ಮುದುಕ ಮುದುಕಿಯರಿಗೆಲ್ಲ ಕೆಂಪು ಕಪ್ಪು ಅಂಚು ಹಾಕಿ ಪೋಸ್ಟರ್ ಮಾಡುವ ನಮ್ಮ ಮನೆಯಿಂದ ಅವಳು ಸದ್ದಿಲ್ಲದೆ ಹೋದಳು. ನೀನೂ ಪಕ್ಕದಲ್ಲಿ ಕೂತು ಸಾರು ತಿಂದೆ. ತಲೆ ಎತ್ತಲಿಲ್ಲ. ಅದನ್ನು ನಾನು ಕ್ಷಮಿಸಿರಲಿಲ್ಲ ಅಡೊಮಾಕೊ. ಈಗ ಮುಚ್ಚುಮರೆ ಯಾಕೆ?

ಭಾನುವಾರ ಎಲ್ಲರೂ ಚರ್ಚಿಗೆ ಹೋದಾಗ ನಾನು ನಾನಾ ಮುಂದೆ ಕೂತೆ. ನೀನು ಕಲಿಸಿದ್ದನ್ನು ಒಂದೊಂದಾಗಿ ನೆನಪು ಮಾಡಿಕೊಂಡೆ. ಮೊದಲು ಡಿಸ್ಕಿನಲ್ಲಿ ಜಾಗ ಎಷ್ಟಿದೆ ಎಂದು ನೋಡಿದೆ. ಕಣ್ಣಿಗೆ ಏನೂ ಕಾಣದಿದ್ದರೂ ಮುಕ್ಕಾಲು ಭಾಗ ತುಂಬಿದೆ ಎಂದು ತೋರಿಸಿತು. ಕಳ್ಳ ಕದ್ದಿಲ್ಲ, ಬಚ್ಚಿಟ್ಟಿದ್ದಾನೆ ಎಂದು ಆಗ ಗೊತ್ತಾಯಿತು. ನೀನು ಕೆಂಪು ದಾರ ಕಟ್ಟಿಟ್ಟಿದ್ದ ಶುದ್ಧ ಸಿ.ಡಿ. ಅದೃಷ್ಟಕ್ಕೆ ಇನ್ನೂ ಓದುತ್ತಿತ್ತು. ಅದರಿಂದಲೇ ನಾನಾನನ್ನು ಎಬ್ಬಿಸಿ, ಯಂತ್ರದ ಜೊತೆ ತಾನೂ ಏಳುತ್ತಿದ್ದ ಆ ಹುಳವನ್ನು ಹುಡುಕಿ ತೆಗೆದೆ. ಆಮೇಲೆ ಪರದೆಯ ಮೇಲೆ ಆಜ್ಞೆ ಬರೆಯುವ ಕಪ್ಪು ಕಿಟಕಿ ತೆರೆದು, ಅಡಗಿದ್ದನ್ನೆಲ್ಲ ಹೊರಗೆ ಕರೆಯುವ ಆ ಒಂದು ಸಾಲನ್ನು ಬರೆದೆ. ಎರಡು ಸಲ ತಪ್ಪಿತು. ಕರೆಂಟು ಯಾವ ಗಳಿಗೆಯಲ್ಲಿ ಹೋಗುತ್ತದೋ ಎಂಬ ಭಯ ಬೇರೆ. ಮೂರನೆಯ ಸಲ ಕಡತಗಳು ಒಂದರ ಹಿಂದೆ ಒಂದು ಬಂದವು. ಅಬ್ರಫಿಯೂ ಬಂದಳು. ನಿನ್ನ ದೊಡ್ಡ ಚಪ್ಪಲಿ ಹಾಕಿಕೊಂಡು ಅಂಗಳದಲ್ಲಿ ನಿಂತಿದ್ದಾಳಲ್ಲ, ಅದನ್ನು ಮೊದಲು ತೆರೆದೆ. ಸೋಮವಾರ ಬಂದ ಅಟ್ಟಾ, "ಯಾರು ಮಾಡಿದ್ದು?" ಎಂದು ಕೇಳಿದ. ನನ್ನ ಗಂಡ ಎಂದೆ.

ಅಕ್ಕಪಕ್ಕದವರೆಲ್ಲ ನಿನ್ನ ಕ್ಷೇಮ ಕೇಳಿದ್ದಾರೆ. ದೊಡ್ಡಮ್ಮ ಆಶೀರ್ವಾದ ತಿಳಿಸಲು ಹೇಳಿದ್ದಾರೆ, ಬೈದುಕೊಂಡಾದರೂ ತೆಗೆದುಕೋ. ಒಣಗಿಸಿದ ಬೆಂಡೆಕಾಯಿ, ಮಾಮೆ ಕಾನಿಯ ಮನೆಯ ಹೊಗೆಮೀನು ಬೊಟ್ವೆಯ ಕೈಯಲ್ಲಿ ಕೊಟ್ಟಿದ್ದೇನೆ. ದೇವರು ನಿನ್ನನ್ನು ಗರಗಸದ ಹಲ್ಲಿನಿಂದ ದೂರ ಇಡಲಿ.

ನಿನ್ನ
ಪೊಕುವಾ

ಮರೆತಿಲ್ಲ, ಬರೆಯಲೋ ಬೇಡವೋ ಎಂದು ಇಷ್ಟು ಹೊತ್ತು ತಳ್ಳಿದೆ. ಬೊಟ್ವೆ ಹಾರನ್ ಹೊಡೆಯುತ್ತಿದ್ದಾನೆ. ಕಪ್ಪು ಕಿಟಕಿಯ ಆ ಸಾಲಿಗೆ ಹುಳ ಬಚ್ಚಿಟ್ಟದ್ದು ಯಾವುದು, ಮನುಷ್ಯ ಬಚ್ಚಿಟ್ಟದ್ದು ಯಾವುದು ಎಂಬ ಭೇದವಿಲ್ಲ. ಎಲ್ಲವನ್ನೂ ಹೊರಗೆ ತಂದಿತು. ನೀನು ಬಚ್ಚಿಟ್ಟಿದ್ದ ಪೋಸ್ಟರನ್ನೂ ತಂದಿತು. ಚಪ್ಪಲಿಯ ಫೋಟೋ, ಸುತ್ತ ಕೆಂಪು ಕಪ್ಪು ಅಂಚು, ಅಬ್ರಫಿ, ವಯಸ್ಸು ಮೂರು. ದುಃಖಿತರು ಎಂದು ಬರೆದು ಕೆಳಗೆ ನಮ್ಮಿಬ್ಬರ ಹೆಸರು. ಮಕ್ಕಳು, ಮೊಮ್ಮಕ್ಕಳು ಎಂಬ ತಲೆಬರಹಗಳನ್ನು ತೆಗೆಯದೆ ಕೆಳಗೆ ಹಾಗೇ ಖಾಲಿ ಬಿಟ್ಟಿದ್ದೀಯ. ನೀನು ಅದನ್ನು ಮಾಡಿದ ತಾರೀಕು ನೋಡಿದೆ, ಸಾರು ತಿಂದ ಮರುದಿನ. ಕೊನೆಯ ಸಲ ತೆರೆದದ್ದು ನೀನು ಊರು ಬಿಡುವ ಹಿಂದಿನ ದಿನ. ಒಬ್ಬನೇ ಕೂತು ಅತ್ತೆಯಲ್ಲ, ನನ್ನನ್ನು ಯಾಕೆ ಕರೆಯಲಿಲ್ಲ?

ನಾನು ಅದನ್ನು ಅಚ್ಚು ಹಾಕಿ ಅಂಗಡಿಯ ಬಾಗಿಲಿಗೆ ಅಂಟಿಸಿದ್ದೇನೆ. ದೊಡ್ಡಮ್ಮ ಬಂದು ನೋಡಿ ಹೋದರು. ಓಪಾನಿನ್ ಅಮಾಂಕ್ವಾ ಅದರ ಮುಂದೆ ನಿಂತು, ಚಪ್ಪಲಿ ಬಿಟ್ಟು, ಭುಜದ ಬಟ್ಟೆ ಇಳಿಸಿ, ದೊಡ್ಡವರಿಗೆ ಮಾಡುವ ಹಾಗೇ ಮಾಡಿದರು. ಆಮೇಲೆ ಓದುತ್ತಾ ಕೆಳಗೆ ಬಂದು, "ದಿನ ಹಾಕಿಲ್ವಲ್ಲ ಅಮ್ಮಾ, ಯಾವ ಶನಿವಾರ?" ಎಂದು ಕೇಳಿದರು. ಅಬ್ರಫಿಯ ಅಪ್ಪ ಬರುವ ಶನಿವಾರ ಎಂದು ಹೇಳಿದ್ದೇನೆ.